‘ಭಗವಾ’ ಎಂದರೆ ಭಗವಂತನೇ?

ಬುದ್ಧನ ಮಾತನ್ನು ಕನ್ನಡಕ್ಕೆ ತರುವವರನ್ನು ಎಡವಿಸುವುದು ಪಾಲಿಯ ಅಪರಿಚಿತ ಪದಗಳಲ್ಲ, ಪರಿಚಿತ ಪದಗಳು. ‘ಪಟಿಚ್ಚಸಮುಪ್ಪಾದ’ ಎಂಬುದು ಎದುರಾದೊಡನೆ ಅನುವಾದಕನು ನಿಘಂಟನ್ನು ತೆರೆಯುತ್ತಾನೆ. ‘ಭಗವಾ’ ಎಂದಿದ್ದಲ್ಲಿ ಯೋಚಿಸದೆ ‘ಭಗವಂತ’ ಎಂದು ಬರೆದುಬಿಡುತ್ತಾನೆ. ಕನ್ನಡದ ಭಗವಂತನು ಬೇಡಿದ್ದನ್ನು ಕೊಡುವವನು. ಬುದ್ಧನಾದರೋ ದಾರಿಯನ್ನು ತೋರಿ, ನಡೆಯಬೇಕಾದವರು ನೀವು ಎಂದವನು.

ಥೇರವಾದಿ ಬೌದ್ಧರು ಪೂಜೆಯ ಮೊದಲಿಗೆ ಮೂರು ಸಲ ಹೇಳುವ ನಮಸ್ಕಾರವಾಕ್ಯವನ್ನೇ ನೋಡಬಹುದು. ಇರುವುದು ಐದೇ ಪದ. ಗೋತಮನೆಂಬ ಹೆಸರು ಅದರಲ್ಲಿಲ್ಲ. ಧನ, ಧಾನ್ಯ, ಆಯುಸ್ಸುಗಳ ಬೇಡಿಕೆಯೂ ಇಲ್ಲ. ಅವನಿಗೆ ನಮಸ್ಕಾರವೆಂದು ಹೇಳಿ, ಅವನು ಎಂಥವನೆಂಬುದಕ್ಕೆ ಮೂರು ಬಿರುದುಗಳನ್ನಿಟ್ಟಿದೆ: ಭಗವಾ, ಅರಹಂತ, ಸಮ್ಮಾಸಂಬುದ್ಧ. ಕೊನೆಯದು ಸುಲಭ, ಸರಿಯಾಗಿ, ತಾನಾಗಿಯೇ ಎಚ್ಚೆತ್ತವನು.

ಮೊದಲೆರಡಕ್ಕೆ 5ನೆಯ ಶತಮಾನದ ಬುದ್ಧಘೋಷನು ‘ವಿಸುದ್ಧಿಮಗ್ಗ’ದಲ್ಲಿ ಕೊಡುವ ವಿವರಣೆ ಬಲು ಸೊಗಸಾದುದು. ಭಗವಾ ಎಂದರೆ ಭಾಗ್ಯವುಳ್ಳವನು ಎನ್ನುವುದರ ಜೊತೆಗೆ, ರಾಗ ದ್ವೇಷ ಮೋಹಗಳನ್ನು ಭಂಗಿಸಿದವನು, ಧರ್ಮವನ್ನು ವಿಭಾಗಿಸಿ ತಿಳಿಸಿದವನು ಎಂದೂ ಹೇಳುತ್ತಾನೆ. ಅರಹಂತನು ಅರಿಗಳನ್ನು ಕೊಂದವನು, ಸಂಸಾರಚಕ್ರದ ಅರೆಕಾಲುಗಳನ್ನು ಮುರಿದವನು, ಮರೆಯಲ್ಲಿಯೂ ಪಾಪ ಮಾಡದವನು. ವೈಯಾಕರಣರು ನಗುತ್ತಾರೆ, ಪದ ಹುಟ್ಟಿದ್ದು ‘ಅರ್ಹ’ದಿಂದಲೇ. ಜೈನಕಾವ್ಯಗಳನ್ನೋದಿದ ಕನ್ನಡಿಗನಿಗೆ ಅರ್ಹಂತನು ಹಳೆಯ ಪರಿಚಯಸ್ಥನೇ. ಆದರೂ ವ್ಯಾಕರಣವಾಗಿ ಸೋಲುವ ಈ ನಿರುಕ್ತಿ ವಿಮರ್ಶೆಯಾಗಿ ಗೆಲ್ಲುತ್ತದೆ ಎನ್ನದೆ ವಿಧಿಯಿಲ್ಲ. ಹೊಗಳಿಕೆಯ ಪದವನ್ನು ಒಡೆದು ಅದರೊಳಗೆ ಆತನು ಮಾಡಿದ ಕೆಲಸವೇನೆಂದು ಅದು ಹುಡುಕುತ್ತದೆ.

ಹಾಗಾದರೆ ಬುದ್ಧನಿಗೆ ಗೌರವದ ಪದ ಬೇಕಿರಲಿಲ್ಲವೇ? ಬೇಕಿತ್ತು. ಇಸಿಪತನದಲ್ಲಿ ಹಳೆಯ ಸಂಗಡಿಗರೈವರು ಹೆಸರು ಹಿಡಿದು, ‘ಆವುಸೋ’ ಎಂದು ಸರೀಕನನ್ನು ಕರೆಯುವಂತೆ ಕರೆದಾಗ, ತಥಾಗತನನ್ನು ಹಾಗೆ ಕರೆಯಬಾರದೆಂದು ಆತನೇ ತಡೆದನು. ‘ತಥಾಗತ’ವನ್ನು ಹಾಗೆ ಬಂದವನೆಂದೂ ಹಾಗೆ ಹೋದವನೆಂದೂ ಬಿಡಿಸಬಹುದು. ಎರಡರಲ್ಲಿಯೂ ದೇವರಿಲ್ಲ, ನಡೆದವನೊಬ್ಬನಿದ್ದಾನೆ. ಇದನ್ನೂ ‘ಭಗವಾ’ವನ್ನೂ ಅನುವಾದಿಸದೆ ಹಾಗೆಯೇ ಉಳಿಸಿಕೊಳ್ಳುವುದು ಲೇಸು.

‘ಸರಣ’ದ ಗತಿ ಇನ್ನೂ ಕಷ್ಟ. ವಚನಗಳ ನೆರಳಿನಲ್ಲಿ ಬೆಳೆದ ನಮಗೆ ಶರಣೆಂದರೆ ತನ್ನನ್ನು ಒಪ್ಪಿಸಿಕೊಳ್ಳುವುದು. ತ್ರಿಶರಣದ ಸರಣವಾದರೋ ಮಳೆಗೆ ಸಿಕ್ಕವನು ಹುಡುಕುವ ಆಸರೆಯಂಥದು. ಮಹಾಪರಿನಿಬ್ಬಾಣ ಸುತ್ತದಲ್ಲಿ ಮುಪ್ಪಿನ ಬುದ್ಧನು ಆನಂದನಿಗೆ, ನಿಮಗೆ ನೀವೇ ಸರಣವಾಗಿರಬೇಕೆಂದು ಹೇಳುತ್ತಾನೆ. ಅಲ್ಲಿ ‘ಶರಣಾಗತಿ’ ಎಂದು ಬರೆದು ನೋಡಿ, ವಾಕ್ಯವೇ ನಿಲ್ಲುವುದಿಲ್ಲ.