ಸೆರಗು, ಜೀನ್ಸ್ ಮತ್ತು ದೇವಾಲಯದ ಬಾಗಿಲು

ಭಾನುವಾರದ ಬಲಿಪೂಜೆಗೆ ಜೀನ್ಸ್ ತೊಟ್ಟು ಹೊರಟ ಮೊಮ್ಮಗಳನ್ನು ಕಂಡು, ತಲೆಯ ಮೇಲೆ ಸೆರಗು ಹೊದ್ದ ಅಜ್ಜಿ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದು ನಿಟ್ಟುಸಿರಿಡುವುದನ್ನು ನೀವೂ ಕೇಳಿರಬಹುದು. ಅಜ್ಜಿಯ ಮಾತು ಸುಳ್ಳಲ್ಲ. ಸ್ತ್ರೀಯರು ದೇವಾಲಯದಲ್ಲಿ ತಲೆ ಮುಚ್ಚಿಕೊಳ್ಳಬೇಕೆಂದು 1917ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ವಿಧಿಯಿಲ್ಲ. ರೂಢಿಯನ್ನೇ ವಿಶ್ವಾಸವೆಂದು ಭ್ರಮಿಸುವುದು ಹಿರಿಯರಾದ ನಮ್ಮ ದೋಷ.

ಮರ್ಯಾದೆಯ ಹೆಸರಿನಲ್ಲಿ ಅನ್ಯಾಯವೂ ನಡೆದಿದೆ. 19ನೆಯ ಶತಮಾನದ ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು, ಅವರಲ್ಲಿ ಅನೇಕ ಕ್ರೈಸ್ತರು, ಎದೆ ಮುಚ್ಚಿಕೊಂಡದ್ದೇ ಮೇಲ್ಜಾತಿಯವರಿಗೆ ಉದ್ಧಟತನವಾಗಿ ಕಂಡಿತು. 1859ರಲ್ಲಿ ಅರಸರು ಅನುಮತಿಯಿತ್ತರೂ, ಮೇಲ್ಜಾತಿಯವರಂತೆ ಉಡಬಾರದೆಂಬ ನಿರ್ಬಂಧ ಉಳಿಯಿತು.

ಹಾಗೆಂದು ಕಿರಿಯರು "ಉಡುಪು ನನ್ನಿಷ್ಟ" ಎಂದರೆ ಸಾಲದು. ನಾವು ಯಾರ ಸನ್ನಿಧಿಯಲ್ಲಿ, ಯಾರ ಪಕ್ಕದಲ್ಲಿ ನಿಂತಿದ್ದೇವೆಂಬ ಅರಿವು ಉಡುಪಿನಲ್ಲೂ ಇರಬೇಕು. ಬೆಲೆ ಮೆರೆಸುವ ಬ್ರಾಂಡಿನ ಶರ್ಟಾಗಲಿ, ಹಿರಿಯರ ಜರಿಸೀರೆಯಾಗಲಿ, ಬಡವನನ್ನು ಕುಗ್ಗಿಸೀತು. ಚಿನ್ನದುಂಗುರದವನಿಗೆ ಪೀಠ, ಕೊಳೆಬಟ್ಟೆಯವನಿಗೆ ನೆಲ ಎಂಬ ಪಕ್ಷಪಾತವನ್ನು ಸಂತ ಯಕೋಬರ ಪತ್ರದ ಎರಡನೆಯ ಅಧ್ಯಾಯ ಖಂಡಿಸುತ್ತದೆ.

ಬಾಗಿಲಲ್ಲೇ ಬೈಸಿಕೊಂಡ ಹುಡುಗಿ ಮುಂದಿನ ಭಾನುವಾರ ಬಾರದೆ ಹೋದರೆ, ನಾವು ಉಳಿಸಿಕೊಂಡದ್ದು ಯಾರ ಮರ್ಯಾದೆ? ಮೊದಲು ಅವಳಿಗೆ ಪಕ್ಕದಲ್ಲಿ ಜಾಗ ಕೊಡೋಣ. ಉಡುಪಿನ ಮಾತನ್ನು ಮನೆಯಲ್ಲಿ, ಪ್ರೀತಿಯಿಂದ ಆಡೋಣ.