ಉಪ್ಪು ಕೂಡಿಡುವ ಬಳ್ಳಿ

ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾದರೆ ಗುಲಾಬಿಯ ಎಲೆಯಂಚು ಕರಕಲಾಗುವುದು ಕರಾವಳಿಯ ಮನೆಗಳಲ್ಲಿ ಮಾಮೂಲು. ಆ ನೀರಿಗೆ ಹೆದರದ ಗಿಡವೊಂದು ಅಲ್ಲೇ ಅಳಿವೆಯ ದಂಡೆಯಲ್ಲಿ ಹಬ್ಬಿರುತ್ತದೆ: ಸೆಸುವಿಯಂ ಪೊರ್ಟುಲಾಕಾಸ್ಟ್ರಮ್. ನೋಡಲು ಗೋಣಿಸೊಪ್ಪಿನಂತಿದ್ದರೂ ಕುಟುಂಬ ಬೇರೆ. ಕೆಂಪು ಛಾಯೆಯ ಕಾಂಡ, ರಸ ತುಂಬಿದ ಎಲೆ, ನಸುಗೆಂಪಿನ ಪುಟ್ಟ ಹೂ. ಎಸಳೆಂದು ನಾವು ಮೆಚ್ಚುವುದು ಎಸಳಲ್ಲ, ಒಳಮೈಗೆ ಬಣ್ಣ ಬಂದ ಪುಷ್ಪಪತ್ರ.

ನನಗೆ ಹೂವಿಗಿಂತ ಇದರ ಜಾಣತನವೇ ಇಷ್ಟ. ಬೇರು ಹೀರಿದ ಸೋಡಿಯಮ್ಮನ್ನು ಎಲೆಯ ಜೀವಕೋಶಗಳು ತಮ್ಮ ರಸದಾನಿಯೊಳಗೆ ಕೂಡಿಹಾಕುತ್ತವೆ. ಕೋಶದ ಉಳಿದ ಕೆಲಸಕ್ಕೆ ಅದರ ಕಾಟವಿಲ್ಲ. ಹಾಗೆ ಕೂಡಿಟ್ಟ ಉಪ್ಪಿನ ಬಲದಿಂದಲೇ ಗಿಡ ಉಪ್ಪುಮಣ್ಣಿನಿಂದ ನೀರನ್ನೂ ಸೆಳೆಯುತ್ತದೆ. ಎಲೆ ಕಚ್ಚಿದರೆ ಬರೀ ಉಪ್ಪು. (ತಿನ್ನುವವರು ಬೇಯಿಸಿ ನೀರು ಬಸಿಯುತ್ತಾರೆ, ರಕ್ತದೊತ್ತಡ ಇರುವವರು ದೂರವಿರುವುದೇ ಲೇಸು.)

ಬೆಳೆಸಲು ಕಷ್ಟವೇನಿಲ್ಲ. ಗೇಣುದ್ದದ ತುಂಡು, ಮರಳು ಬೆರೆತ ಮಣ್ಣು, ಒಳ್ಳೆಯ ಬಿಸಿಲು. ಮಣ್ಣು ತಾಗಿದ ಗೆಣ್ಣಿನಲ್ಲೆಲ್ಲ ಬೇರು ಬಿಡುತ್ತದೆ. ಸಿಹಿನೀರಿಗೂ ಒಗ್ಗುತ್ತದೆ, ಹಾಗಾಗಿ ಬೆಂಗಳೂರಿನ ತಾರಸಿಯ ಕುಂಡದಲ್ಲೂ ಬದುಕೀತು. ನೆರಳಿನಲ್ಲಿ ಮಾತ್ರ ಸೊರಗುತ್ತದೆ.

ದಂಡೆಯ ಮರಳನ್ನು ಹಿಡಿದಿಟ್ಟಿರುವ ಬಳ್ಳಿಯನ್ನು ದಯವಿಟ್ಟು ಬುಡಸಮೇತ ಕೀಳಬೇಡಿ. ಒಂದು ತುದಿ ಮುರಿದು ತಂದರೆ ಸಾಕು.