ಚೀನದ ‘ಮುಖ’, ನಮ್ಮ ದಾಕ್ಷಿಣ್ಯ
ಚೀನದಲ್ಲಿ ವ್ಯಾಪಾರಕ್ಕಿಳಿಯುವ ವಿದೇಶೀ ಕಂಪೆನಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ‘ಮಿಯೆನ್‌ಜಿ’, ಎಂದರೆ ‘ಮುಖ’, ತಪ್ಪದೆ ಬರುತ್ತದೆ. ನಾಲ್ವರೆದುರು ನೌಕರನ ತಪ್ಪನ್ನೆತ್ತಬಾರದು. ಕರಾರಿಗೆ ಮೊದಲು ಒಟ್ಟಿಗೆ ಊಟವಾಗಬೇಕು. ಮುಂಡಗೋಡ ತಾಲೂಕಿನ ನಮ್ಮ ಪಾಳಾದವರಿಗೆ ಇದರಲ್ಲಿ ವಿಸ್ಮಯವೇನು? ಮುಖದಾಕ್ಷಿಣ್ಯಕ್ಕೆ ಸಿಕ್ಕಿ, ‘ಒಲ್ಲೆ’ ಎನ್ನಲಾರದೆ ‘ನೋಡೋಣ’ ಎನ್ನುವವರು ನಾವೂ ಅಲ್ಲವೆ?

ಆದರೆ ಇದನ್ನು ಚೀನೀಯರ ಬದಲಾಗದ ಹುಟ್ಟುಗುಣವೆಂದು ಚಿತ್ರಿಸುವುದನ್ನು ನಾನೊಪ್ಪಲಾರೆ. ಅಲ್ಲಿಯ ಶ್ರೇಷ್ಠ ಲೇಖಕ ಲೂ ಷುನ್ 1934ರಲ್ಲಿಯೇ ಪ್ರಬಂಧವೊಂದರಲ್ಲಿ ಈ ‘ಮುಖ’ದ ಮೋಹವನ್ನು ಗೇಲಿಮಾಡಿದ್ದಾನೆ. 1996ರಲ್ಲಿ ಕೂಡಿಕೊಂಡ ಫ್ರಾನ್ಸಿನ ಡಾನೋನ್ ಮತ್ತು ಚೀನದ ವಹಾಹಾ 2009ರಲ್ಲಿ ಬೇರೆಯಾದವು. ಅಲ್ಲಿ ಜಗಳಕ್ಕೆ ಬಿದ್ದದ್ದು ‘ಮುಖ’ವೊಂದೇ ಅಲ್ಲ, ವ್ಯಾಪಾರಮುದ್ರೆಯ ಒಡೆತನ. ದಾಕ್ಷಿಣ್ಯ ಮಾತಿಗೆ ಬಾಗಿಲು ತೆರೆದೀತು, ಲೆಕ್ಕ ತೀರಿಸಲಾರದು. ಚೀನವನ್ನರಿಯಬಯಸುವ ವ್ಯಾಪಾರಿ ಕೈಪಿಡಿಗೆ ಮೊದಲು ಲೂ ಷುನ್‌ನನ್ನು ಓದಲಿ.